ಮೂರ್ಛೆ: ಅದರ ಸ್ವರೂಪ ಮತ್ತು ಉಪಚಾರ

ಕೆಲವು ವರ್ಷಗಳ ಹಿಂದೆ, ಮಾರ್ಚಿ ತಿಂಗಳ ಒಂದು ಅಪರಾಹ್ನ, ಕಾಲೇಜಿನ ಬಯಲಿನಲ್ಲಿ ಸಮಾರಂಭವೊಂದು ಏರ್ಪಟ್ಟಿತ್ತು. ಅತಿಥಿಗಳು ಬರುವುದು ತಡವಾಯಿತು. ವಿದ್ಯಾರ್ಥಿಗಳು ಮುಕ್ಕಾಲು ಗಂಟೆಯಿಂದ ಬಿಸಿಲಿನಲ್ಲಿ ಸಾಲಾಗಿ, ಅಲುಗಾಡದೆ ನಿಂತಿದ್ದರು. ಮುಂದಿನ ಸಾಲಿನಲ್ಲಿದ್ದ ತರುಣನೊಬ್ಬನ ಮುಖವು ಬಿಳಿಚಿತು. ಎರಡು ಬಾರಿ ಆಕಳಿಸಿದನು. ಹಣೆಯಲ್ಲಿ ಬೆವರು ಮೂಡಿತು. ಮರುಗಳಿಗೆಯಲ್ಲಿ ಕಡಿದ ಬಾಳೆಯಂತೆ ನೆಲಕ್ಕೆ ಬಿದ್ದನು. ಎಲ್ಲರೂ ಓಡಿಬಂದೆವು. ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ತಲೆ ಬಾಗದಂತೆ ಇಬ್ಬರು ಹಿಡಿದುಕೊಂಡರು. ಆಗ ಅವನ ಕೈಕಾಲುಗಳು ಅದುರತೊಡಗಿದವು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಒಬ್ಬರು ಅವನ ಮುಷ್ಟಿಯಲ್ಲಿ ಬೀಗದ ಕೈಗಳ ಗೊಂಚಲನ್ನು ಇಟ್ಟರು. ಇನ್ನೊಬ್ಬರು ಬಾಯಿಗೆ ನೀರು ಹೊಯ್ದರು. ನೀರು ನೆತ್ತಿಗೇರಿ ಉಸಿರುಗಟ್ಟಿತು. ಹಿಡಿದಿದ್ದವರ ಕೈ ಸೋತು ಅವನು ಕುರ್ಚಿಯಿಂದ ಜಾರಿ ನೆಲದ ಮೇಲೆ ಉದ್ದಕ್ಕೆ ಬಿದ್ದಾಗಲೇ ಅವನಿಗೆ ಎಚ್ಚರ ಬಂದಿತು. ಆ ಕುರ್ಚಿಯನ್ನು ತಂದವರು ನಾವು. ತರಗತಿಯಲ್ಲಿ ರಕ್ತಚಲನೆಯ ಪಾಠವನ್ನು ಹೇಳುವವರೂ ನಾವೇ.

ಮರುದಿನ ಆ ತರುಣನ ತಂದೆಯವರು ನಮ್ಮನ್ನು ಕಾಣಲು ಬಂದರು. “ಮೇಷ್ಟರೆ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಮೂರ್ಛೆರೋಗ ಈ ಹುಡುಗನಿಗೆ ಎಲ್ಲಿಂದ ಬಂತು?” ಎಂದು ಕೇಳಿದರು. ನಮಗೆ ಉತ್ತರ ತೋಚಲಿಲ್ಲ. ಹುಡುಗನು ಎಂಟು ತಿಂಗಳ ಕಾಲ ಅಪಸ್ಮಾರದ ಗುಳಿಗೆಗಳನ್ನು ನುಂಗಿದನು, ತರಗತಿಯಲ್ಲಿ ತೂಕಡಿಸುವವನಾದನು, ಅವನ ಅಕ್ಕನ ಮದುವೆಯ ಮಾತುಕತೆಯಲ್ಲಿಯೂ ಈ ಸುದ್ದಿ ಅಡ್ಡಬಂದಿತು. ಕೊನೆಗೆ ನರರೋಗಗಳಲ್ಲಿ ನುರಿತ ವೈದ್ಯರೊಬ್ಬರು ಆ ದಿನದ ವೃತ್ತಾಂತವನ್ನು ಸಾವಧಾನವಾಗಿ ಕೇಳಿ, ಅಪಸ್ಮಾರವಿಲ್ಲವೆಂದು ನಿರ್ಣಯಿಸಿ, ಗುಳಿಗೆಗಳನ್ನು ಕ್ರಮಕ್ರಮವಾಗಿ ಬಿಡಿಸಿದರು. ಅವರು ಮೊದಲು ಕೇಳಿದ ಪ್ರಶ್ನೆ ಇಷ್ಟೇ: “ಬಿದ್ದವನನ್ನು ಎತ್ತಿ ಕೂರಿಸಿದವರು ಯಾರು?” ಈ ಹೊತ್ತಿನ ನಮ್ಮ ಮಾತಿಗೆ ಆ ಪ್ರಶ್ನೆಯೇ ಪ್ರೇರಣೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ನುಡಿಯಲ್ಲಿ ‘ಮೂರ್ಛೆ ಹೋದಳು’ ಎಂದರೆ ಎಚ್ಚರ ತಪ್ಪಿದಳು ಎಂದಷ್ಟೇ ಅರ್ಥ. ‘ಮೂರ್ಛೆರೋಗ’ ಎಂದೊಡನೆಯೇ ಅದು ಅಪಸ್ಮಾರವಾಗಿಬಿಡುತ್ತದೆ. ಒಂದೇ ಶಬ್ದವು ಎರಡು ಬೇರೆ ಬೇರೆ ಸ್ಥಿತಿಗಳಿಗೆ ಸಲ್ಲುವುದರಿಂದ, ಒಂದರ ಅಂಜಿಕೆಯೂ ಒಂದರ ಉಪಚಾರವೂ ಮತ್ತೊಂದಕ್ಕೆ ಅಂಟಿಕೊಂಡಿವೆ. ಅಪಸ್ಮಾರವೆಂಬುದು ಮಿದುಳಿನ ಜೀವಕಣಗಳಲ್ಲಿ ವಿದ್ಯುತ್ತಿನ ವ್ಯಾಪಾರವು ಅಂಕೆ ಮೀರುವುದರಿಂದ ಆಗತಕ್ಕುದು. ನಾವು ಇಂದು ಹೇಳಹೊರಟಿರುವ ಮೂರ್ಛೆಯಾದರೋ, ಮಿದುಳಿಗೆ ಹೋಗುವ ರಕ್ತವು ಕೆಲವು ಕ್ಷಣಗಳ ಕಾಲ ಸಾಲದೆಹೋಗುವುದರಿಂದ ಆಗತಕ್ಕುದು. ಮೊದಲನೆಯದರಲ್ಲಿ ದೋಷವು ಮಿದುಳಿನದು. ಎರಡನೆಯದರಲ್ಲಿ ಮಿದುಳು ನಿರ್ದೋಷಿ, ಅದಕ್ಕೆ ಒದಗಬೇಕಾದುದು ಒದಗಲಿಲ್ಲ, ಅಷ್ಟೆ.

ಮಿದುಳಿನ ತೂಕ ಸುಮಾರು 1400 ಗ್ರಾಂ. ಅದು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಹೃದಯವು ನಿಮಿಷಕ್ಕೆ ಹೊರದೂಡುವ ಸುಮಾರು 5 ಲೀಟರ್ ರಕ್ತದಲ್ಲಿ ಮುಕ್ಕಾಲು ಲೀಟರಿನಷ್ಟು ಮಿದುಳಿಗೆ ಸಲ್ಲಬೇಕು. ಸ್ನಾಯುಗಳು ರಕ್ತವಿಲ್ಲದೆ ಕೆಲವು ನಿಮಿಷ ತಾಳಿಕೊಂಡಾವು. ಮಿದುಳಿಗೆ ಆ ತಾಳ್ಮೆಯಿಲ್ಲ. ರಕ್ತವು ಪೂರ್ಣವಾಗಿ ನಿಂತರೆ ಆರೇಳು ಸೆಕೆಂಡುಗಳಲ್ಲಿ ಎಚ್ಚರವು ತಪ್ಪುತ್ತದೆ. ಇಂಥ ಸುಕುಮಾರವಾದ ಅಂಗವನ್ನು ಪ್ರಕೃತಿಯು ಹೃದಯಕ್ಕಿಂತ ಒಂದು ಮೊಳ ಎತ್ತರದಲ್ಲಿ ಇಟ್ಟಿರುವುದರಿಂದಲೇ ತೊಡಕೆಲ್ಲ ಹುಟ್ಟುತ್ತದೆ. ನಾವು ಎದ್ದು ನಿಂತೊಡನೆ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತವು ತನ್ನ ಭಾರದಿಂದಲೇ ಕೆಳಗಿಳಿದು ಕಾಲುಗಳ ಮತ್ತು ಹೊಟ್ಟೆಯ ಸಿರೆಗಳಲ್ಲಿ ತಂಗುತ್ತದೆ. ಕತ್ತಿನ ಮತ್ತು ಎದೆಯ ದೊಡ್ಡ ಧಮನಿಗಳ ಗೋಡೆಯಲ್ಲಿ ಒತ್ತಡವನ್ನು ಅಳೆಯುವ ನರಾಗ್ರಗಳುಂಟು. ಒತ್ತಡವು ಇಳಿದುದನ್ನು ಅವು ಅರಿತು ಮಿದುಳಿನ ಬುಡಕ್ಕೆ ತಿಳಿಸುತ್ತವೆ. ಅಲ್ಲಿಂದ ಅಪ್ಪಣೆಯಾಗಿ ಹೃದಯವು ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನಡೆಯುವವನ ಮೀನಖಂಡಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುತ್ತವೆ. ಅಲುಗಾಡದೆ ನಿಂತವನಿಗೆ ಈ ಕಡೆಯ ಸಹಾಯವಿಲ್ಲ. ಕವಾಯತಿನ ಸಾಲಿನಲ್ಲಿ, ದೇವಸ್ಥಾನದ ನೂಕುನುಗ್ಗಲಿನಲ್ಲಿ, ಉಪವಾಸದಿಂದ ಧಾರೆಮಂಟಪದಲ್ಲಿ ನಿಂತವರು ಬೀಳುವುದು ಇದರಿಂದಲೇ.

ಸಾಧಾರಣವಾದ ಮೂರ್ಛೆಯಲ್ಲಿ ನಡೆಯುವುದೇನೆಂದರೆ, ಈ ಏರ್ಪಾಡು ಇದ್ದಕ್ಕಿದ್ದಂತೆ ತಿರುಗಿಬೀಳುತ್ತದೆ. ಬಿಗಿಯಬೇಕಾದ ರಕ್ತನಾಳಗಳು ಸಡಿಲುತ್ತವೆ. ವೇಗವಾಗಬೇಕಾದ ಹೃದಯವು ವೇಗಸ್ ಎಂಬ ನರದ ಪ್ರೇರಣೆಯಿಂದ ನಿಧಾನವಾಗುತ್ತದೆ. ದೀರ್ಘಕಾಲ ನಿಲ್ಲುವುದು, ಸೆಕೆ, ನೋವು, ಅಂಜಿಕೆ, ರಕ್ತವನ್ನು ಅಥವಾ ಸೂಜಿಯನ್ನು ಕಾಣುವುದು, ಇವು ಅದಕ್ಕೆ ನಿಮಿತ್ತಗಳು. ರಕ್ತದಿಂದ ಹುಟ್ಟುವ ಮೂರ್ಛೆಯನ್ನು ನಮ್ಮ ಸುಶ್ರುತಸಂಹಿತೆಯು ಆರು ಬಗೆಗಳಲ್ಲಿ ಒಂದಾಗಿ ಎಣಿಸಿದೆ. ಮೊದಲು ಕಣ್ಣು ಕತ್ತಲಿಡುವುದಕ್ಕೂ ಒಂದು ಕಾರಣವುಂಟು. ಕಣ್ಣುಗುಡ್ಡೆಯ ಒಳಗೆ ತನ್ನದೇ ಆದ ಒತ್ತಡವಿರುವುದರಿಂದ, ರಕ್ತದ ಒತ್ತಡ ಇಳಿದಾಗ ಮಿದುಳಿಗಿಂತ ಮೊದಲೇ ಅಲ್ಲಿ ರಕ್ತವು ಹರಿಯದಾಗುತ್ತದೆ. ಆದುದರಿಂದಲೇ ಬೀಳುವವನು ಸುತ್ತಲಿನ ಮಾತುಗಳನ್ನು ಕೇಳುತ್ತಿದ್ದರೂ ಮುಖಗಳನ್ನು ಕಾಣಲಾರನು.

ಈ ತತ್ತ್ವವು ಒಂದೇ ದಿನದಲ್ಲಿ ಗೊತ್ತಾದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನು ಒಬ್ಬ ಮಹಿಳೆಯ ಸಿರೆಯಿಂದ ರಕ್ತವನ್ನು ತೆಗೆಯುತ್ತಿದ್ದಾಗ ಆಕೆಗೆ ಮೂರ್ಛೆಯಾಯಿತು. ಅದುವರೆಗೆ ಕಪ್ಪಾಗಿ ಬರುತ್ತಿದ್ದ ರಕ್ತವು ಆ ಹೊತ್ತಿನಲ್ಲಿ ಕೆಂಪೇರಿದುದನ್ನು ಅವನು ಕಂಡನು. 1794ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಈ ಸಂಗತಿ ಬಂದಿದೆ. ಇದರ ಅರ್ಥ ಹೊಳೆಯಲು ಒಂದೂವರೆ ಶತಮಾನ ಹಿಡಿಯಿತು. 1932ರಲ್ಲಿ ಸರ್ ಥಾಮಸ್ ಲೂಯಿಸರು ಇಂಥ ಮೂರ್ಛೆಗೆ ‘ವೇಸೋವೇಗಲ್’ ಎಂದು ಹೆಸರಿಟ್ಟರು. ವೇಗಸ್ ನರವನ್ನು ತಡೆಯುವ ಆಟ್ರೊಪಿನ್ ಎಂಬ ಔಷಧವನ್ನು ಕೊಟ್ಟರೆ ನಾಡಿಯು ಏರುತ್ತದೆ, ಒತ್ತಡವು ಮಾತ್ರ ಏರುವುದಿಲ್ಲವೆಂದು ಅವರು ತೋರಿಸಿದರು. ಎಂದರೆ, ತಪ್ಪು ಹೃದಯದ್ದಷ್ಟೇ ಅಲ್ಲ, ನಾಳಗಳದ್ದೂ ಉಂಟು. 1944ರಲ್ಲಿ ಬಾರ್‌ಕ್ರಾಫ್ಟ್ ಮತ್ತು ಅವರ ಸಂಗಡಿಗರು, ಮೂರ್ಛೆಹೋಗುತ್ತಿರುವವನ ಮುಂದೋಳಿನ ಸ್ನಾಯುಗಳಲ್ಲಿ ರಕ್ತದ ಹರಿವು ಹೆಚ್ಚುವುದನ್ನು ಅಳೆದು ತೋರಿಸಿದರು. ಮಿದುಳು ಬರಡಾಗುತ್ತಿರುವಾಗ ತೋಳುಗಳ ನಾಳಗಳು ಅಗಲವಾಗಿ ತೆರೆದಿದ್ದುವು! ಹಂಟರನು ಕಂಡ ಕೆಂಪಿಗೆ ಕಾರಣ ಸಿಕ್ಕಿತು: ರಕ್ತವು ತನ್ನ ಆಮ್ಲಜನಕವನ್ನು ಇಳಿಸಲು ಬಿಡುವಿಲ್ಲದಷ್ಟು ಬೇಗ ಹರಿದುಹೋಗುತ್ತಿತ್ತು.

ಈಗ ಕುರ್ಚಿಯ ವಿಷಯಕ್ಕೆ ಬರೋಣ. ಮೂರ್ಛೆಯಲ್ಲಿ ಮನುಷ್ಯನು ಬೀಳುತ್ತಾನಷ್ಟೆ. ಬಿದ್ದೊಡನೆ ಅವನ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬರುತ್ತವೆ. ಕಾಲಿನಲ್ಲಿ ತಂಗಿದ್ದ ರಕ್ತವು ಎದೆಗೆ ಹಿಂತಿರುಗುತ್ತದೆ. ಸೋತಿರುವ ಹೃದಯವೂ ಮಟ್ಟಸವಾದ ನೆಲದಲ್ಲಿ ಮಿದುಳಿಗೆ ರಕ್ತವನ್ನು ಕಳುಹಿಸಬಲ್ಲುದು. ಬೀಳುವಾಗ ಪೆಟ್ಟಾಗದಿದ್ದರೆ, ಬೀಳುವುದೇ ಚಿಕಿತ್ಸೆ. ನಾವು ಕನಿಕರದಿಂದ ಅವನನ್ನು ಎತ್ತಿ ಕೂರಿಸಿದಾಗ ಪ್ರಕೃತಿಯು ಕೊಟ್ಟ ಮದ್ದನ್ನು ಕಿತ್ತುಕೊಂಡಂತಾಯಿತು. ಹತ್ತು ಸೆಕೆಂಡುಗಳಲ್ಲಿ ಮುಗಿಯಬೇಕಾದುದು ಬೆಳೆಯಿತು; ರಕ್ತವಿಲ್ಲದ ಮಿದುಳು ಕೈಕಾಲುಗಳನ್ನು ಅದುರಿಸಿತು; ನೋಡಿದವರು ಅದನ್ನು ಅಪಸ್ಮಾರವೆಂದರು.

ಅದುರಿದುದೆಲ್ಲವೂ ಅಪಸ್ಮಾರವಲ್ಲವೆಂಬುದನ್ನು 1994ರಲ್ಲಿ ಬರ್ಲಿನ್ ನಗರದ ವೈದ್ಯರು ಸಿದ್ಧಪಡಿಸಿದರು. ಆರೋಗ್ಯವಂತರಾದ ಸ್ವಯಂಸೇವಕರಲ್ಲಿ ಬೇಕೆಂದೇ ಮೂರ್ಛೆಯನ್ನುಂಟುಮಾಡಿ ಚಲಚ್ಚಿತ್ರವನ್ನು ತೆಗೆದರು. ಪೂರ್ತಿಯಾಗಿ ಎಚ್ಚರ ತಪ್ಪಿದ 42 ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯ ಕೈಕಾಲುಗಳು ಅದುರಿದವು. ಎಚ್ಚರ ತಪ್ಪಿದ್ದ ಕಾಲ ಸರಾಸರಿ 12 ಸೆಕೆಂಡು. ಹಾಗಾದರೆ ಭೇದವನ್ನು ತಿಳಿಯುವುದೆಂತು? ಸಾಧಾರಣ ಮೂರ್ಛೆಗೆ ಪೀಠಿಕೆಯುಂಟು: ಬಿಳಿಚಿದ ಮುಖ, ಬೆವರು, ಆಕಳಿಕೆ, ಓಕರಿಕೆ, ಕಣ್ಣು ಕತ್ತಲಿಡುವುದು. ಅದುರುವಿಕೆ ಅಲ್ಪ, ಕೆಲವೇ ಕ್ಷಣಗಳದು, ತಾಳವಿಲ್ಲದ್ದು. ಎದ್ದವನಿಗೆ ಆಯಾಸವಿದ್ದೀತು, ಆದರೆ ಎಲ್ಲಿದ್ದೇನೆ, ಎದುರಿಗೆ ಯಾರು ಎಂಬ ಅರಿವು ಕೂಡಲೆ ಬರುತ್ತದೆ. ಅಪಸ್ಮಾರದ ದೊಡ್ಡ ಸೆಳವಿನಲ್ಲಿ ದೇಹವು ಮೊದಲು ಸೆಟೆದು, ಬಳಿಕ ತಾಳಬದ್ಧವಾಗಿ ಒಂದೆರಡು ನಿಮಿಷ ಎಳೆಯುತ್ತದೆ. ನಾಲಗೆಯ ಅಂಚು ಕಚ್ಚಿಹೋಗುವುದುಂಟು. ಆಮೇಲೆಯೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ಬೀಗದ ಕೈ, ಈರುಳ್ಳಿ, ಪಾದರಕ್ಷೆಯ ವಾಸನೆ ಇವುಗಳಿಂದ ಎರಡರಲ್ಲಿ ಯಾವುದಕ್ಕೂ ಪ್ರಯೋಜನವಿಲ್ಲ. ಎರಡೂ ತಾವಾಗಿಯೇ ನಿಲ್ಲುವುದು ಹೆಚ್ಚಾದುದರಿಂದ ಬೀಗದ ಕೈಗೆ ಕೀರ್ತಿ ಬಂದಿದೆ, ಅಷ್ಟೆ.

ಅಪಸ್ಮಾರವೂ ನಾಚಿಕೆಪಡತಕ್ಕ ರೋಗವಲ್ಲ, ಚಿಕಿತ್ಸೆಗೆ ಬಗ್ಗುವಂಥದು ಎಂಬುದನ್ನು ಇಲ್ಲಿಯೇ ಹೇಳಬೇಕು. ಹಿಂದೂ ವಿವಾಹದ ಕಾನೂನಿನಲ್ಲಿ ಅದನ್ನು ಮದುವೆಗೆ ಬಾಧಕವೆಂದು 1976ರಲ್ಲಿ ಸೇರಿಸಿದ್ದ ಮಾತನ್ನು 1999ರಲ್ಲಿ ತೆಗೆದುಹಾಕಲಾಯಿತು. ಕಾನೂನು ಬಿಟ್ಟರೂ ಮನೆಮನೆಯ ಮಾತು ಬಿಟ್ಟಿಲ್ಲ. ಇಲ್ಲದ ರೋಗದ ಹೆಸರನ್ನು ಒಬ್ಬರ ಮೇಲೆ ಹೊರಿಸುವ ಮುನ್ನ ಎರಡು ಬಾರಿ ಯೋಚಿಸತಕ್ಕದ್ದು.

ಇದುವರೆಗೆ ಹೇಳಿದ್ದು ಹಗ್ಗವನ್ನು ಹಾವೆಂದು ಭ್ರಮಿಸುವ ತಪ್ಪನ್ನು ಕುರಿತು. ಇದಕ್ಕಿಂತ ಭಯಂಕರವಾದ ಇನ್ನೊಂದು ತಪ್ಪುಂಟು: ಹಾವನ್ನೇ ಹಗ್ಗವೆಂದು ಕಡೆಗಣಿಸುವುದು. ಚರಕಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯದಲ್ಲಿ ಮದ, ಮೂರ್ಛೆ, ಸಂನ್ಯಾಸ ಎಂಬ ಮೂರನ್ನು ಬೇರೆ ಬೇರೆಯಾಗಿ ಹೇಳಿದೆ. ಮೊದಲಿನ ಎರಡು ದೋಷದ ವೇಗ ಕಳೆದಮೇಲೆ ತಾವಾಗಿ ಶಮನವಾಗುತ್ತವೆ. ಸಂನ್ಯಾಸವು ಔಷಧವಿಲ್ಲದೆ ಶಮನವಾಗದು. ಅವರ ನಿದಾನವು ಬೇರೆ, ಇಂದಿನದು ಬೇರೆ. ಆದರೆ ತಾನಾಗಿ ಹೋಗುವುದು ಯಾವುದು, ಹೋಗದಿರುವುದು ಯಾವುದು ಎಂದು ಮೊದಲು ಕೇಳಬೇಕೆಂಬ ವಿವೇಕವು ಇಂದಿಗೂ ವೈದ್ಯನ ಮೊದಲ ಪಾಠವಾಗಿದೆ.

ತಾನಾಗಿ ಬಿಡದ ಮೂರ್ಛೆಗಳಲ್ಲಿ ಮುಖ್ಯವಾದುದು ಹೃದಯಮೂಲವಾದದ್ದು. ಡಬ್ಲಿನ್ನಿನ ರಾಬರ್ಟ್ ಆಡಮ್ಸರು 1827ರಲ್ಲಿಯೂ ವಿಲಿಯಂ ಸ್ಟೋಕ್ಸರು 1846ರಲ್ಲಿಯೂ, ನಾಡಿಯು ಅತಿ ನಿಧಾನವಾಗಿ, ಪದೇ ಪದೇ ಎಚ್ಚರ ತಪ್ಪುವ ರೋಗಿಗಳನ್ನು ವರ್ಣಿಸಿದರು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಬಡಿತದ ವಿದ್ಯುತ್ಸಂದೇಶವು ಹೋಗಲು ದಾರಿ ಕಟ್ಟಿಹೋದರೆ ಹೀಗಾಗುವುದು. ನೂರು ವರ್ಷಗಳ ಕಾಲ ಇದಕ್ಕೆ ಸರಿಯಾದ ಮದ್ದಿರಲಿಲ್ಲ. 1958ನೆಯ ಅಕ್ಟೋಬರ್ 8ರಂದು ಸ್ವೀಡನ್ ದೇಶದಲ್ಲಿ ಸೆನ್ನಿಂಗ್ ಎಂಬ ಶಸ್ತ್ರವೈದ್ಯರು, ಎಲ್ಮ್‌ಕ್ವಿಸ್ಟ್ ಎಂಬ ಯಂತ್ರಜ್ಞರು ರಚಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಇಟ್ಟರು. ದಿನದಲ್ಲಿ ಹಲವಾರು ಬಾರಿ ಮೂರ್ಛೆಹೋಗುತ್ತಿದ್ದ ಮನುಷ್ಯ ಆತ. ಮೊದಲನೆಯ ಯಂತ್ರವು ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತು. ಆದರೂ ಒಂದಾದಮೇಲೊಂದರಂತೆ ಒಟ್ಟು 26 ಯಂತ್ರಗಳ ಬಲದಿಂದ ಲಾರ್ಸನ್ನರು 2001ರವರೆಗೆ, 86 ವರ್ಷ ಬಾಳಿದರು. ಯಂತ್ರವನ್ನು ಮಾಡಿದವರಿಗಿಂತಲೂ ಇಟ್ಟವರಿಗಿಂತಲೂ ಹೆಚ್ಚು ಕಾಲ ಬದುಕಿದರು. ‘ನಿಶ್ಶಕ್ತಿಯಿಂದ ಬಿದ್ದರು, ಟಾನಿಕ್ಕು ಕೊಡಿ’ ಎಂದು ಅಂಥವರನ್ನು ಮನೆಯಲ್ಲಿ ಮಲಗಿಸುವುದು ಎಂಥ ನಷ್ಟವೆಂಬುದನ್ನು ನೀವೇ ಊಹಿಸಿರಿ.

ಆದುದರಿಂದ ಹಾವಿನ ಗುರುತುಗಳನ್ನು ತಿಳಿದಿರಬೇಕು. ಓಡುವಾಗ, ಈಜುವಾಗ, ಮೆಟ್ಟಿಲೇರುವಾಗ ಎಚ್ಚರ ತಪ್ಪುವುದು, ಮಲಗಿರುವಾಗಲೇ ತಪ್ಪುವುದು, ಯಾವ ಮುನ್ಸೂಚನೆಯೂ ಇಲ್ಲದೆ ದೀಪ ಆರಿದಂತೆ ಬಿದ್ದು ಮುಖಕ್ಕೆ ಪೆಟ್ಟಾಗುವುದು, ಬೀಳುವ ಮೊದಲು ಎದೆ ಹೊಡೆದುಕೊಳ್ಳುವುದು ಅಥವಾ ನೋಯುವುದು, ಮೊದಲೇ ಹೃದ್ರೋಗವಿರುವುದು, ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಾದರೂ ಎಳೆವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿರುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಮಲವು ಟಾರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಮುಟ್ಟು ನಿಂತಿರುವ ಹೆಂಗಸು ಹೊಟ್ಟೆನೋವಿನೊಡನೆ ಎಚ್ಚರ ತಪ್ಪಿದರೆ, ಗರ್ಭವು ತನ್ನ ಸ್ಥಾನವನ್ನು ಬಿಟ್ಟು ನೆಲೆಸಿ ಒಡೆದಿರಬಹುದು. ಇವೆರಡರಲ್ಲಿಯೂ ಒಂದು ಗಂಟೆಯ ತಡವೂ ಸಲ್ಲದು.

ಇನ್ನು, ಎದುರಿಗೆ ಒಬ್ಬರು ಬಿದ್ದಾಗ ಮಾಡತಕ್ಕುದೇನು? ಅಂಗಾತ, ಮಟ್ಟವಾಗಿ ಮಲಗಿಸಿರಿ, ಎತ್ತಬೇಡಿರಿ, ಕೂರಿಸಬೇಡಿರಿ. ಎರಡು ಕಾಲುಗಳನ್ನೂ ಒಂದಡಿ ಎತ್ತರಕ್ಕೆ ಹಿಡಿಯಿರಿ. ಕೊರಳು, ನಡುಗಳ ಬಿಗಿಯನ್ನು ಸಡಿಲಿಸಿರಿ. ವಾಂತಿಯಾಗುವಂತಿದ್ದರೆ ಪಕ್ಕಕ್ಕೆ ಹೊರಳಿಸಿರಿ. ತುಂಬುಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಿರಿ. ಪೂರ್ಣ ಎಚ್ಚರ ಬರುವವರೆಗೆ ಬಾಯಿಗೆ ನೀರು, ಕಾಫಿ, ಸೋಡಾ ಏನನ್ನೂ ಹಾಕಕೂಡದು. ಎಚ್ಚರವಾದಮೇಲೆ ಹತ್ತು ಹದಿನೈದು ನಿಮಿಷ ಮಲಗಿದ್ದು, ಬಳಿಕ ಕುಳಿತು, ಆಮೇಲೆ ನಿಲ್ಲಲಿ. ಒಂದೆರಡು ನಿಮಿಷಗಳಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಕರೆಮಾಡಿರಿ. ಉಸಿರಾಟವೇ ಇಲ್ಲದಿದ್ದರೆ, ಅಥವಾ ಏದುವಂತೆ ವಿಕಾರವಾಗಿದ್ದರೆ, ಅದು ಮೂರ್ಛೆಯಲ್ಲ, ಹೃದಯವೇ ನಿಂತಿದೆ. ಕರೆಮಾಡಿಸಿ, ಆ ಗಳಿಗೆಯಿಂದಲೇ ಎದೆಯ ನಡುವೆ ಎರಡು ಅಂಗೈಗಳಿಂದ, ನಿಮಿಷಕ್ಕೆ 100ರಿಂದ 120 ಬಾರಿಯಂತೆ, 5 ಸೆಂಟಿಮೀಟರ್ ತಗ್ಗುವಷ್ಟು ಬಲವಾಗಿ ಒತ್ತುತ್ತಿರಬೇಕು.

ವೈದ್ಯರಲ್ಲಿಗೆ ಹೋಗುವಾಗ, ಬಿದ್ದುದನ್ನು ಕಣ್ಣಾರೆ ಕಂಡವರನ್ನು ಜೊತೆಗೆ ಕರೆದೊಯ್ಯಿರಿ. ಬಿದ್ದವನಿಗೆ ತನ್ನ ಕಥೆ ತಿಳಿಯದು. ಕಂಡವರ ಮಾತೇ ಅರ್ಧ ಪರೀಕ್ಷೆ. ಈಗ ಎಲ್ಲರ ಕೈಯಲ್ಲಿಯೂ ಇರುವ ಮೊಬೈಲಿನಲ್ಲಿ ಯಾರಾದರೂ ಆ ದೃಶ್ಯವನ್ನು ಹಿಡಿದಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಮಲಗಿದಾಗಲೂ ನಿಂತು ಮೂರು ನಿಮಿಷಗಳೊಳಗೂ ರಕ್ತದ ಒತ್ತಡವನ್ನು ಅಳೆಯುವುದು, ಇ.ಸಿ.ಜಿ. ತೆಗೆಯುವುದು, ಇವು ಎಲ್ಲರಿಗೂ ಆಗಬೇಕಾದ ಅಗ್ಗದ ಪರೀಕ್ಷೆಗಳು. ತಲೆಗೆ ಪೆಟ್ಟಾಗಿರದ ಸಾಧಾರಣ ಮೂರ್ಛೆಗೆ ತಲೆಯ ಸ್ಕ್ಯಾನಿನಿಂದ ಹೆಚ್ಚೇನೂ ತಿಳಿಯದು. ಸಂಶಯ ಉಳಿದರೆ, ಮಂಚವನ್ನು ಓರೆಯಾಗಿ ಎತ್ತಿ ನಿಲ್ಲಿಸಿ ನೋಡುವ ಪರೀಕ್ಷೆಯು 1986ರಿಂದ ಬಳಕೆಯಲ್ಲಿದೆ. ಚರ್ಮದ ಅಡಿಯಲ್ಲಿಟ್ಟು ಹೃದಯದ ಬಡಿತವನ್ನು ವರ್ಷಗಟ್ಟಲೆ ಬರೆದಿಡುವ ಪುಟ್ಟ ಯಂತ್ರಗಳೂ ಉಂಟು. ವೃದ್ಧರಲ್ಲಿ ಮೊದಲು ನೋಡಬೇಕಾದುದು ಔಷಧಗಳ ಪಟ್ಟಿ. ರಕ್ತದೊತ್ತಡಕ್ಕೂ ಮೂತ್ರದ ತೊಂದರೆಗೂ ಕೊಟ್ಟ ಗುಳಿಗೆಗಳೇ, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಅವರನ್ನು ಬೀಳಿಸುವುದುಂಟು.

ಸಾಧಾರಣ ಮೂರ್ಛೆಯ ಚಿಕಿತ್ಸೆಯಲ್ಲಿ ಔಷಧದ ಪಾಲು ಸ್ವಲ್ಪ, ಶಿಕ್ಷಣದ ಪಾಲು ಹೆಚ್ಚು. ನೀರನ್ನು ಧಾರಾಳವಾಗಿ ಕುಡಿಯುವುದು, ಊಟವನ್ನು ತಪ್ಪಿಸದಿರುವುದು, ವೈದ್ಯರು ಒಪ್ಪಿದರೆ ಉಪ್ಪನ್ನು ಹೆಚ್ಚಿಸುವುದು ಮೊದಲ ಮೆಟ್ಟಿಲು. ರಕ್ತದೊತ್ತಡ ಹೆಚ್ಚಿರುವವರಿಗೆ ಉಪ್ಪಿನ ಮಾತು ಸಲ್ಲದು. ಎರಡನೆಯದು, ಸೂಚನೆ ತೋರಿದೊಡನೆ ಕಾಲುಗಳನ್ನು ಕತ್ತರಿಯಾಗಿ ಹೆಣೆದು ತೊಡೆ, ಹೊಟ್ಟೆಗಳನ್ನು ಬಿಗಿಹಿಡಿಯುವುದು, ಅಥವಾ ಎರಡು ಕೈಗಳನ್ನು ಕೊಕ್ಕೆಯಂತೆ ಸೇರಿಸಿ ಎಳೆಯುವುದು. 2006ರಲ್ಲಿ ಪ್ರಕಟವಾದ, 223 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಇದನ್ನು ಕಲಿಯದವರಲ್ಲಿ ನೂರಕ್ಕೆ 51 ಮಂದಿಗೂ ಕಲಿತವರಲ್ಲಿ 32 ಮಂದಿಗೂ ಮೂರ್ಛೆಯು ಮರಳಿ ಬಂದಿತು. ಖರ್ಚಿಲ್ಲದ ಈ ಉಪಾಯಕ್ಕೆ ಇದು ಸಣ್ಣ ಫಲವಲ್ಲ. ಮೂರನೆಯದು, ಇದರಿಂದಲೂ ತಡೆಯದಿದ್ದರೆ, ಮಾನವನ್ನು ಬದಿಗಿಟ್ಟು ಇದ್ದಲ್ಲಿಯೇ ಮಲಗಿಬಿಡುವುದು. ಮಲಗಲು ಸ್ಥಳವಿಲ್ಲದಿದ್ದರೆ ನೆಲದ ಮೇಲೆ ಕುಳಿತು ಮೊಣಕಾಲುಗಳ ನಡುವೆ ತಲೆಯನ್ನು ಬಾಗಿಸುವುದು. ಇವೆಲ್ಲ ಸಾಲದವರಿಗೆ ಫ್ಲೂಡ್ರೊಕಾರ್ಟಿಸೋನ್, ಮಿಡೊಡ್ರಿನ್ ಎಂಬ ಔಷಧಗಳುಂಟು. ಅವು ವೈದ್ಯರ ಕೈಯಿಂದಲೇ ಬರಬೇಕಾದುವು.

ಮೂವರಲ್ಲಿ ಒಬ್ಬರಾದರೂ ಜೀವಮಾನದಲ್ಲಿ ಒಮ್ಮೆ ಮೂರ್ಛೆಹೋಗುತ್ತಾರೆಂದು ತಿಳಿದವರು ಹೇಳುತ್ತಾರೆ. ಹೀಗಿರುವಾಗ, ಇಂದು ಕೇಳುತ್ತಿರುವ ನಿಮ್ಮಲ್ಲಿ ಅನೇಕರಿಗೆ, ಬೀಳುವವರಾಗಿಯೋ ಎತ್ತಲು ಓಡುವವರಾಗಿಯೋ, ಈ ಪ್ರಸಂಗ ಒದಗದೆ ಇರದು.

ನಾವು ಮೊದಲು ಹೇಳಿದ ತರುಣನು ಈಗ ಓದು ಮುಗಿಸಿ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷ ಮದುವೆಯೊಂದರಲ್ಲಿ, ಆರತಕ್ಷತೆಯ ಉದ್ದನೆಯ ಸಾಲಿನಲ್ಲಿ ನಮ್ಮ ಮುಂದೆಯೇ ನಿಂತಿದ್ದನು. ನಡುವೆ ಅವನ ಮುಖವು ಬಿಳಿಚಿತು. ಅವನು ಯಾರಿಗೂ ಏನೂ ಹೇಳದೆ, ಹೊಸ ರೇಷ್ಮೆ ಪಂಚೆಯಲ್ಲಿಯೇ ಜಮಖಾನದ ಮೇಲೆ ಮಲಗಿ, ಕಾಲುಗಳನ್ನು ಗೋಡೆಗೆ ಒರಗಿಸಿದನು. ಯಾರೋ ಒಬ್ಬರು ಗಾಬರಿಯಿಂದ ಕುರ್ಚಿಯನ್ನು ತಂದರು. ಈ ಬಾರಿ ನಾವು ಆ ಕುರ್ಚಿಯ ಮೇಲೆ ಅವನ ಪಾದಗಳನ್ನು ಎತ್ತಿಟ್ಟೆವು.